ಹಾಡುಗಬ್ಬವೂ ಓದುಗಬ್ಬವೂ: ಬೀದರ ಸೀಮೆಯಲ್ಲಿ ಇಂಗ್ಲಿಷ್ ಕಾವ್ಯದ ಬೋಧನೆ

೧

ಇಂಗ್ಲಿಷ್ ಸಾಹಿತ್ಯವನ್ನು ಇಂದಿನ ಜನಪ್ರಿಯ ಹಾಡುಗಳ ಮೂಲಕ ಬೋಧಿಸಬೇಕೆಂಬ ಅಭಿಪ್ರಾಯವು ಈಚೆಗೆ ಅಧ್ಯಾಪಕರಲ್ಲಿ ಕೇಳಿಬರುತ್ತಿದೆ. ಇದಕ್ಕೆ ಪಶ್ಚಿಮ ದೇಶಗಳಲ್ಲಿ ನಡೆದ ಕೆಲವು ಸಂಗತಿಗಳು ಪ್ರೇರಕವಾಗಿವೆ. ೨೦೧೬ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವು ಅಮೆರಿಕದ ಹಾಡುಗಾರರಾದ ಬಾಬ್ ಡಿಲನ್ ಅವರಿಗೆ ಸಂದಿತು. ೨೦೨೩ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದಲ್ಲಿಯೂ ೨೦೨೪ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ಟೇಲರ್ ಸ್ವಿಫ್ಟ್ ಅವರ ಹಾಡುಗಳನ್ನು ಆಧಾರವಾಗಿಟ್ಟುಕೊಂಡು ಇಂಗ್ಲಿಷ್ ಸಾಹಿತ್ಯದ ತರಗತಿಗಳು ನಡೆದವು. ಈ ವಾರ್ತೆಗಳು ನಮ್ಮ ಕಾಲೇಜುಗಳಿಗೆ ತಲುಪಿದ ಮೇಲೆ, ‘ನಾವೂ ಹಾಗೆಯೇ ಏಕೆ ಮಾಡಬಾರದು?’ ಎಂಬ ಪ್ರಶ್ನೆಯು ಹುಟ್ಟುವುದು ಸಹಜವೇ. ಆ ಪ್ರಶ್ನೆಯನ್ನು ಬೀದರ, ಭಾಲ್ಕಿ, ಔರಾದಗಳ ತರಗತಿಯ ಸ್ಥಿತಿಗತಿಗಳಿಗೆ ಹೊಂದಿಸಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಸೂಚನೆಯನ್ನು ಹಗುರವಾಗಿ ತಳ್ಳಿಹಾಕಲು ಬರುವಂತಿಲ್ಲ. ಇಂಗ್ಲಿಷಿನಲ್ಲಿ ‘ಲಿರಿಕ್’ ಎಂಬ ಮಾತು ಗ್ರೀಕರ ತಂತಿವಾದ್ಯವಾದ ‘ಲೈರ್’ ಎಂಬುದರಿಂದ ಬಂದಿದೆ. ನಮ್ಮ ‘ಭಾವಗೀತೆ’ಯಲ್ಲಿಯೂ ಗೀತೆಯಿದೆ. ಇಂಡಿಯಾದ ಕಾಲೇಜುಗಳಲ್ಲಿ ಬಹುಕಾಲ ಪಠ್ಯವಾಗಿದ್ದ ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ (೧೮೬೧) ತನ್ನ ಪೂರ್ಣ ಶೀರ್ಷಿಕೆಯಲ್ಲಿ ಹಾಡುಗಳನ್ನು ಮೊದಲು ಹೆಸರಿಸಿ ಆಮೇಲೆ ಭಾವಕವಿತೆಗಳನ್ನು ಹೆಸರಿಸುತ್ತದೆ. ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಪಾಡುಗಬ್ಬ, ಬಾಜನೆಗಬ್ಬಗಳ ಪ್ರಸ್ತಾಪ ಬರುತ್ತದೆ. ಹಾಡುಗಬ್ಬ, ಓದುಗಬ್ಬ ಎಂಬ ವಿಭಾಗವು ಕನ್ನಡ ವಿಮರ್ಶೆಗೆ ಹೊಸದಲ್ಲ. ಇಂಗ್ಲಿಷ್ ಭಾವಗೀತೆಯು ಹಾಡುಗಬ್ಬವಾಗಿ ಹುಟ್ಟಿ ಕಾಲಕ್ರಮದಲ್ಲಿ ಓದುಗಬ್ಬವಾಯಿತು. ನಮ್ಮ ವಿದ್ಯಾರ್ಥಿಗೆ ದೊರೆಯುವುದು ಓದುಗಬ್ಬವಾದ ಮೇಲಿನ ಅದರ ಅಚ್ಚಿನ ರೂಪವೊಂದೇ. ಆದಕಾರಣ ಹಾಡನ್ನು ತರಗತಿಗೆ ತರುವುದರಲ್ಲಿ ಒಂದು ನ್ಯಾಯವಿದೆ. ಆದರೆ ಯಾವ ಕಾರ್ಯಕ್ಕಾಗಿ ತರುತ್ತೇವೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದಿದ್ದರೆ ಆ ನ್ಯಾಯವು ಕೈಬಿಟ್ಟುಹೋಗುತ್ತದೆ.

೨

ಹಾಡಿನ ಪರವಾಗಿ ಸಾಮಾನ್ಯವಾಗಿ ಹೇಳುವ ವಾದ ಹೀಗಿದೆ: ಬೋಧನೆಯು ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕು, ವಿದ್ಯಾರ್ಥಿಗೆ ಹಾಡು ತಿಳಿದಿದೆ, ಕವಿತೆ ತಿಳಿಯದು, ಆದ್ದರಿಂದ ಹಾಡಿನಿಂದ ಕವಿತೆಗೆ ಹೋಗಬೇಕು. ಬಾಸ್ಟನ್ನಿನ ವಿದ್ಯಾರ್ಥಿಯ ವಿಷಯದಲ್ಲಿ ಈ ವಾದವು ಸರಿಯಾಗಿರಬಹುದು. ಅವನು ಆ ಹಾಡನ್ನು ತಾಯ್ನುಡಿಯಲ್ಲಿ ಕೇಳಿ ಬೆಳೆದವನು. ನಮ್ಮಲ್ಲಿ ಆ ಎರಡನೆಯ ಮಾತೇ ನಿಲ್ಲುವುದಿಲ್ಲ.

ಬೀದರ ಸೀಮೆಯು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದು, ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಆ ಹಿಂದಿನ ಕಾಲದಲ್ಲಿ ಉರ್ದುವು ಆಡಳಿತದ ಭಾಷೆಯಾಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಇಲ್ಲಿನವರು ಇಂದಿಗೂ ನೆನೆಯುತ್ತಾರೆ. ಔರಾದ ತಾಲ್ಲೂಕು ಒಂದು ಕಡೆ ಮಹಾರಾಷ್ಟ್ರಕ್ಕೂ ಇನ್ನೊಂದು ಕಡೆ ತೆಲಂಗಾಣಕ್ಕೂ ತಗಲಿಕೊಂಡಿದೆ. ಭಾಲ್ಕಿಯ ಗಡಿಯೂ ಮಹಾರಾಷ್ಟ್ರವೇ. ಹೀಗಾಗಿ ಪದವಿಯ ಮೊದಲ ವರ್ಷದ ಒಂದೇ ಕೊಠಡಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದವರು, ಮರಾಠಿ ಮಾಧ್ಯಮದಿಂದ ಬಂದವರು, ಉರ್ದು ಮಾಧ್ಯಮದಿಂದ ಬಂದವರು ಒಟ್ಟಿಗೆ ಕುಳಿತಿರುತ್ತಾರೆ. ಇವರಲ್ಲಿ ಬಹುಮಂದಿಗೆ ಇಂಗ್ಲಿಷು ಮೂರನೆಯ ಅಥವಾ ನಾಲ್ಕನೆಯ ಭಾಷೆ.

ಮೊಬೈಲ್ ಫೋನು ಹಳ್ಳಿಹಳ್ಳಿಗೂ ಬಂದಿರುವ ಈ ಕಾಲದಲ್ಲಿ ಇಂಗ್ಲಿಷ್ ಹಾಡುಗಳು ಇವರ ಕಿವಿಗೆ ಬಿದ್ದೇ ಇಲ್ಲವೆನ್ನುವಂತಿಲ್ಲ. ಕೊರಿಯಾ ದೇಶದ ಹಾಡುಗಳನ್ನು ಕೇಳುವ ತರುಣರೂ ಇದ್ದಾರೆ. ಆದರೆ ಅವರು ಬಲ್ಲದ್ದು ಆ ಹಾಡಿನ ಮಟ್ಟು, ಮಾತಲ್ಲ. ಕೊರಿಯಾದ ಹಾಡನ್ನು ಗುನುಗುವವನಿಗೆ ಕೊರಿಯಾದ ಭಾಷೆ ಬಾರದು. ಹಾಗೆಯೇ ಇಂಗ್ಲಿಷ್ ಹಾಡನ್ನು ಗುನುಗುವವನಿಗೆ ಆ ಹಾಡಿನ ನುಡಿ ತಿಳಿದಿದೆಯೆಂದು ಭಾವಿಸಲಾಗದು. ಅಮೆರಿಕದ ನಗರಜೀವನ, ಅಲ್ಲಿನ ಪ್ರೇಮದ ರೀತಿನೀತಿ, ಆಡುಮಾತಿನ ತಿರುವುಗಳು, ಇವೆಲ್ಲವೂ ಔರಾದದ ವಿದ್ಯಾರ್ಥಿಗೆ ಕೀಟ್ಸನ ಗ್ರೀಕ್ ಪುರಾಣದಷ್ಟೇ ದೂರ. ಇಂದಿನದೆಂಬ ಮಾತ್ರಕ್ಕೆ ಒಂದು ವಸ್ತುವು ಹತ್ತಿರದ್ದಾಗುವುದಿಲ್ಲ. ಕಾಲದ ದೂರವೂ ದೇಶದ ದೂರವೂ ಬೇರೆಬೇರೆ.

ಈ ತಪ್ಪು ಎಣಿಕೆಯ ಹಿಂದೆ ಇನ್ನೊಂದು ಭಾವನೆಯೂ ಅಡಗಿರುವುದುಂಟು. ಅದನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ‘ಇದು ಹಿಂದುಳಿದ ಪ್ರದೇಶ, ಇಲ್ಲಿಯ ಹುಡುಗರಿಗೆ ಷೇಕ್ಸ್‌ಪಿಯರ್, ಡನ್ ಮೊದಲಾದವರು ಭಾರ, ಹಾಡು ಸುಲಭ’ ಎಂಬುದೇ ಆ ಭಾವನೆ. ಸಂವಿಧಾನದ ೩೭೧-ಜೆ ವಿಧಿಯಿಂದ ಈ ಸೀಮೆಯ ವಿದ್ಯಾರ್ಥಿಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಸ್ಥಾನಗಳು ಮೀಸಲಾದವು, ಅದು ನ್ಯಾಯವಾದದ್ದೇ. ಆದರೆ ತರಗತಿಯಲ್ಲಿ ಸ್ಥಾನವನ್ನು ಕೊಟ್ಟು ಕಾವ್ಯವನ್ನು ಕೊಡದಿದ್ದರೆ ಆ ನ್ಯಾಯವು ಅರ್ಧಕ್ಕೇ ನಿಂತಂತಾಗುತ್ತದೆ. ಬೆಂಗಳೂರಿನ ವಿದ್ಯಾರ್ಥಿಗೆ ಡನ್ ಕವಿಯೂ ಬೀದರದ ವಿದ್ಯಾರ್ಥಿಗೆ ಡನ್ ಕವಿಯ ಬದಲಾಗಿ ಒಂದು ಹಾಡೂ ದೊರೆಯುವುದಾದರೆ, ಸುಧಾರಣೆಯ ಹೆಸರಿನಲ್ಲಿ ಹೊಸದೊಂದು ಹಿಂದುಳಿಕೆಯನ್ನು ನಾವೇ ನಿರ್ಮಿಸಿದಂತಾಗುತ್ತದೆ. ಹಾಡು ಕವಿತೆಯ ಬದಲಿಗೆ ಬರಬಾರದು. ಕವಿತೆಗೆ ದಾರಿಯಾಗಿ ಬರಬೇಕು. ಆ ದಾರಿಯು ಎಂಥದೆಂಬುದನ್ನು ಮುಂದೆ ನೋಡೋಣ.

೩

ಇಂಗ್ಲಿಷ್ ಕವಿತೆಯ ಬೋಧನೆಯಲ್ಲಿ ನಮ್ಮ ವಿದ್ಯಾರ್ಥಿಗೆ ಒದಗುವ ಮುಖ್ಯ ತೊಡಕು ಶಬ್ದಾರ್ಥದ್ದಲ್ಲ. ಶಬ್ದಾರ್ಥವನ್ನು ನಿಘಂಟು ಹೇಳುತ್ತದೆ. ಸಾರಾಂಶವನ್ನು ಪೇಟೆಯಲ್ಲಿ ದೊರೆಯುವ ಗೈಡುಗಳು ಹೇಳುತ್ತವೆ. ಯಾರೂ ಹೇಳದೆ ಉಳಿಯುವುದು ಲಯ. ಕನ್ನಡದ ಛಂದಸ್ಸು ಅಕ್ಷರದ ಹ್ರಸ್ವದೀರ್ಘಗಳನ್ನು, ಎಂದರೆ ಮಾತ್ರೆಗಳನ್ನು, ಲೆಕ್ಕವಿಡುತ್ತದೆ. ಪ್ರೌಢಶಾಲೆಯಲ್ಲಿಯೇ ನಮ್ಮ ಹುಡುಗರು ಲಘುಗುರುಗಳ ಗುರುತು ಹಾಕಿ ಪ್ರಸ್ತಾರ ಮಾಡುವುದನ್ನು ಕಲಿತಿರುತ್ತಾರೆ. ಉರ್ದುವಿನ ಅರೂಜ್ ಶಾಸ್ತ್ರವೂ ಮರಾಠಿಯ ಮಾತ್ರಾವೃತ್ತಗಳೂ ಉಚ್ಚಾರದ ಕಾಲಪ್ರಮಾಣವನ್ನೇ ಅವಲಂಬಿಸಿವೆ. ಇಂಗ್ಲಿಷಿನ ಪದ್ಯವಾದರೋ ಆಘಾತವನ್ನು, ಎಂದರೆ ಉಚ್ಚಾರದ ಒತ್ತನ್ನು, ಅವಲಂಬಿಸಿದೆ. ನಾವು ದಿನನಿತ್ಯ ಬಳಸುವ ‘ಫೋಟೋಗ್ರಾಫ್’ ಎಂಬ ಪದದಲ್ಲಿ ಇಂಗ್ಲಿಷರು ಮೊದಲನೆಯ ಅಕ್ಷರವನ್ನು ಒತ್ತುತ್ತಾರೆ. ‘ಫೋಟೋಗ್ರಾಫರ್’ ಎಂದೊಡನೆ ಆ ಒತ್ತು ಎರಡನೆಯ ಅಕ್ಷರಕ್ಕೆ ಜಾರುತ್ತದೆ, ಮೊದಲನೆಯದು ಕುಗ್ಗುತ್ತದೆ. ಕನ್ನಡಿಗನ ನಾಲಗೆಯಲ್ಲಿ ಎರಡು ಪದಗಳೂ ಸಮತೂಕವಾಗಿಯೇ ಬರುತ್ತವೆ. ಈ ಸಮತೂಕದಿಂದ ಇಂಗ್ಲಿಷ್ ಪದ್ಯವನ್ನು ಓದಿದಾಗ ಅದು ಗದ್ಯವಾಗಿಯೇ ಕೇಳುತ್ತದೆ. ‘ಇದನ್ನು ಪದ್ಯವೆಂದು ಏಕೆ ಕರೆಯಬೇಕು?’ ಎಂಬ ಸಂದೇಹವು ವಿದ್ಯಾರ್ಥಿಗೆ ಬರುತ್ತದೆ. ಆದರೆ ಅವನು ಅದನ್ನು ಕೇಳುವುದಿಲ್ಲ. ಕಾವ್ಯದಿಂದ ಅವನು ದೂರ ಸರಿಯುವುದು ಈ ಮೌನದಲ್ಲಿಯೇ.

ಹಾಡು ತನ್ನ ನಿಜವಾದ ಉಪಕಾರವನ್ನು ಮಾಡುವುದು ಇಲ್ಲಿ. ಒಳ್ಳೆಯ ಇಂಗ್ಲಿಷ್ ಹಾಡಿನಲ್ಲಿ ಒತ್ತಿನ ಅಕ್ಷರಗಳು ಸಾಮಾನ್ಯವಾಗಿ ತಾಳದ ಪೆಟ್ಟಿನ ಮೇಲೆ ಬೀಳುತ್ತವೆ. ಕಪ್ಪುಹಲಗೆಯ ಮೇಲೆ ಗುರುತು ಹಾಕಿ ಒಂದು ವಾರ ವಿವರಿಸಿದರೂ ತಿಳಿಯದಿರುವುದನ್ನು, ಹಾಡನ್ನು ಕೇಳಿಸಿ ಕೈಯಿಂದ ತಾಳ ಹಾಕಿಸಿದರೆ ಕಿವಿಯು ಕೆಲವು ನಿಮಿಷಗಳಲ್ಲಿ ಗ್ರಹಿಸುತ್ತದೆ. ನಮ್ಮ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಕುಳಿತು ಬೆಳೆದವರಿಗೆ ತಬಲೆಯ ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದರಾ ಹೊಸವಲ್ಲ. ಈ ಪರಿಚಯವನ್ನು ಇಂಗ್ಲಿಷ್ ಅಧ್ಯಾಪಕನು ಉಪಯೋಗಿಸಿಕೊಳ್ಳಬೇಕು.

ಒಂದು ನಿದರ್ಶನವನ್ನು ಕೊಡುತ್ತೇವೆ. ಇಂಗ್ಲಿಷಿನ ಲಾವಣಿಗಳಲ್ಲಿಯೂ ಚರ್ಚಿನ ಕೀರ್ತನೆಗಳಲ್ಲಿಯೂ ಬಹುವಾಗಿ ಬಳಕೆಯಾಗಿರುವ ಚೌಪದಿಯೊಂದಿದೆ. ಅದರ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ನಾಲ್ಕು ಆಘಾತಗಳೂ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಮೂರು ಮೂರು ಆಘಾತಗಳೂ ಇರುತ್ತವೆ. ಬರ್ನ್ಸ್ ಕವಿಯ ಕೆಂಪು ಗುಲಾಬಿಯ ಹಾಡು (೧೭೯೪), ಕೋಲ್‌ರಿಜ್ ಕವಿಯ ‘ಏನ್ಷಂಟ್ ಮ್ಯಾರಿನರ್’ (೧೭೯೮) ಕಾವ್ಯದ ಬಹುಭಾಗ, ವರ್ಡ್ಸ್‌ವರ್ತನ ಲೂಸಿ ಕವಿತೆಗಳಲ್ಲಿ ಕೆಲವು, ಎಮಿಲಿ ಡಿಕಿನ್‌ಸನ್ನಳ ಅನೇಕ ಕವಿತೆಗಳು, ಇವೆಲ್ಲವೂ ಈ ಕಟ್ಟಿನವೇ. ಪುಟದ ಮೇಲೆ ನೋಡಿದರೆ ಎರಡನೆಯ ಪಾದವು ಮೊದಲನೆಯದಕ್ಕಿಂತ ಚಿಕ್ಕದು, ಅಷ್ಟೆ. ಕೆಹರವಾ ತಾಳಕ್ಕೆ ಹಾಡಿ ನೋಡಿದರೆ ಬೇರೊಂದು ಸಂಗತಿ ಹೊರಪಡುತ್ತದೆ: ಚಿಕ್ಕ ಪಾದದ ಕೊನೆಯಲ್ಲಿ ಮಾತು ಮುಗಿದರೂ ತಾಳವು ಮುಗಿದಿರುವುದಿಲ್ಲ, ನಾಲ್ಕನೆಯ ಪೆಟ್ಟು ಬರಿದಾಗಿ ಬೀಳುತ್ತದೆ. ಆ ಬರಿಯ ಪೆಟ್ಟೂ ಪದ್ಯದ ಅಂಗವೇ. ಲೂಸಿಯ ಮರಣವನ್ನು ಹೇಳುವ ಕವಿತೆಗಳಲ್ಲಿ ಆ ಮೌನದ ಪೆಟ್ಟು ಮಾತಿಗಿಂತ ಹೆಚ್ಚನ್ನು ಹೇಳುತ್ತದೆ.

ಇದು ಕನ್ನಡದವನಿಗೆ ತೀರ ಅಪರಿಚಿತವಾದುದಲ್ಲ. ಭಾಮಿನಿ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ ಒಂದು ಗುರು ಮಾತ್ರ ಉಳಿಯುತ್ತದೆ. ಗಮಕಿಯು ಅದನ್ನು ಎಳೆದು, ಇಲ್ಲವೆ ಅಲ್ಲಿ ನಿಂತು, ಕಾಲವನ್ನು ತುಂಬುತ್ತಾನೆ. ಕುಮಾರವ್ಯಾಸನನ್ನು ಕೇಳಿ ಬಲ್ಲ ವಿದ್ಯಾರ್ಥಿಗೆ ಈ ಹೋಲಿಕೆಯನ್ನು ತೋರಿಸಿದರೆ ಸಾಕು. ಇಂಗ್ಲಿಷ್ ಛಂದಸ್ಸಿನ ಒಂದು ಮುಖ್ಯ ರಹಸ್ಯ ಅವನ ಕೈಗೆ ಬರುತ್ತದೆ. ಬೀದರದ ಮೆಥೋಡಿಸ್ಟ್ ಚರ್ಚುಗಳ ಕೀರ್ತನೆಗಳನ್ನು ಬಲ್ಲವರು ತರಗತಿಯಲ್ಲಿದ್ದರೆ ಅವರಿಂದಲೂ ನೆರವು ಪಡೆಯಬಹುದು.

ಆದರೆ ಎಲ್ಲ ಹಾಡುಗಳೂ ಈ ಕೆಲಸಕ್ಕೆ ಒದಗುವುದಿಲ್ಲವೆಂಬುದನ್ನು ಮರೆಯಬಾರದು. ಅನೇಕ ಆಧುನಿಕ ಹಾಡುಗಳಲ್ಲಿ ಗಾಯಕನು ಮಟ್ಟಿನ ಸೊಗಸಿಗಾಗಿ ಮಾತಿನ ಒತ್ತನ್ನು ಹಿಂದುಮುಂದು ಮಾಡುತ್ತಾನೆ. ಕುಗ್ಗಬೇಕಾದ ಅಕ್ಷರವನ್ನು ಎಳೆಯುತ್ತಾನೆ. ಅಂಥ ಹಾಡು ಕೇಳಲು ಇಂಪಾಗಿದ್ದರೂ ಛಂದಸ್ಸಿನ ಪಾಠಕ್ಕೆ ಹಾನಿಕರ. ರ‍್ಯಾಪ್ ಎಂಬ ಪ್ರಕಾರದಲ್ಲಿ ಮಟ್ಟು ಕಡಮೆಯಾಗಿ, ಆಡುಮಾತಿನ ಒತ್ತು ತಾಳದೊಡನೆ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಅದು ಕೆಲವೊಮ್ಮೆ ಹೆಚ್ಚು ಪ್ರಯೋಜನಕಾರಿ. ಹಾಡಿನ ಆಯ್ಕೆಗೆ ಅದರ ಜನಪ್ರಿಯತೆ ಪ್ರಮಾಣವಾಗಲಾರದು. ಮಾತಿಗೂ ತಾಳಕ್ಕೂ ಇರುವ ಹೊಂದಾಣಿಕೆಯೇ ಪ್ರಮಾಣ.

೪

ಹಾಡಿನಿಂದ ಆಗುವ ಎರಡನೆಯ ಉಪಕಾರವು ಅರ್ಥವಿಚಾರಕ್ಕೆ ಸಂಬಂಧಿಸಿದ್ದು. ಒಂದೇ ವಸ್ತುವು ಓದುಗಬ್ಬವಾಗಿಯೂ ಹಾಡುಗಬ್ಬವಾಗಿಯೂ ಇರುವ ಕಡೆಗಳಲ್ಲಿ ಎರಡನ್ನೂ ಎದುರುಬದುರಾಗಿಟ್ಟು ನೋಡಿದರೆ ಕಾವ್ಯದ ಕಟ್ಟಡವು ಅರ್ಥವನ್ನು ಹೇಗೆ ನಿರ್ಣಯಿಸುತ್ತದೆಂಬುದು ವ್ಯಕ್ತವಾಗುತ್ತದೆ. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಸಾಕಷ್ಟಿವೆ. ೧೬೦೩ರಲ್ಲಿ ಅಚ್ಚಾದ ‘ಪೇಷಂಟ್ ಗ್ರಿಸಿಲ್’ ನಾಟಕದಲ್ಲಿನ ಥಾಮಸ್ ಡೆಕರನ ಜೋಗುಳವನ್ನು ಬೀಟಲ್ಸ್ ತಂಡದವರು ೧೯೬೯ರಲ್ಲಿ ಹೊಸ ಮಟ್ಟಿನಲ್ಲಿ ಹಾಡಿದರು. ಬಾಬ್ ಡಿಲನ್ ಅವರು ೧೯೬೩ರ ತಮ್ಮ ಸಂಪುಟದಲ್ಲಿನ ಭೀಕರ ಮಳೆಯ ಹಾಡಿಗೆ ‘ಲಾರ್ಡ್ ರ‍್ಯಾಂಡಲ್’ ಎಂಬ ಹಳೆಯ ಲಾವಣಿಯ ತಾಯಿಮಗನ ಪ್ರಶ್ನೋತ್ತರದ ಚೌಕಟ್ಟನ್ನು ಬಳಸಿಕೊಂಡರು. ಇವುಗಳಲ್ಲಿ ತರಗತಿಗೆ ಅತ್ಯಂತ ಉಪಯುಕ್ತವೆಂದು ನಮಗೆ ತೋರುವುದು ‘ರಿಚರ್ಡ್ ಕೋರಿ’.

ಅಮೆರಿಕದ ಕವಿ ಎಡ್ವಿನ್ ಆರ್ಲಿಂಗ್ಟನ್ ರಾಬಿನ್‌ಸನ್ ೧೮೯೭ರಲ್ಲಿ ಪ್ರಕಟಿಸಿದ ಈ ಕವಿತೆಯಲ್ಲಿ ಹದಿನಾರು ಪಾದಗಳಿವೆ. ಊರಿನ ಸಾಮಾನ್ಯ ಜನರು ‘ನಾವು’ ಎಂದು ಹೇಳಿಕೊಂಡು, ರಿಚರ್ಡ್ ಕೋರಿ ಎಂಬ ಶ್ರೀಮಂತನ ರೂಪ, ನಡತೆ, ಐಶ್ವರ್ಯಗಳನ್ನು ಬಣ್ಣಿಸುತ್ತಾರೆ. ತಾವು ಅವನಂತಾಗಬಾರದೇ ಎಂದು ಹಂಬಲಿಸುತ್ತಾರೆ. ಕೊನೆಯ ಎರಡು ಪಾದಗಳಲ್ಲಿ, ಅವನು ಒಂದು ರಾತ್ರಿ ಮನೆಗೆ ಹೋಗಿ ತನ್ನನ್ನು ತಾನೇ ಗುಂಡಿಟ್ಟು ಕೊಂದುಕೊಂಡನೆಂದು ತಿಳಿಯುತ್ತದೆ. ಕವಿತೆಯು ಅಲ್ಲಿಗೇ ನಿಲ್ಲುತ್ತದೆ, ವ್ಯಾಖ್ಯಾನವಿಲ್ಲ, ವಿಷಾದವಿಲ್ಲ. ಹಿಂದೆ ಹೇಳಿದ್ದೆಲ್ಲವನ್ನೂ ಓದುಗನು ಹಿಂದಿರುಗಿ ನೋಡಬೇಕಾಗುತ್ತದೆ.

ಪಾಲ್ ಸೈಮನ್ ಅವರು ೧೯೬೬ರಲ್ಲಿ ಹೊರತಂದ ಹಾಡಿನಲ್ಲಿ ಕಥೆಯು ಅದೇ. ಆದರೆ ಎರಡು ವ್ಯತ್ಯಾಸಗಳಿವೆ. ಮೊದಲನೆಯದು, ‘ನಾವು’ ಎಂಬುದು ‘ನಾನು’ ಆಗಿದೆ. ಆ ‘ನಾನು’ ಕೋರಿಯ ಕಾರ್ಖಾನೆಯಲ್ಲಿ ದುಡಿಯುವ ಬಡ ಕೂಲಿ. ಎರಡನೆಯದು ಇನ್ನೂ ಮುಖ್ಯವಾದದ್ದು. ಹಾಡಾದುದರಿಂದ ಇದಕ್ಕೊಂದು ಪಲ್ಲವಿಯಿದೆ. ತಾನು ರಿಚರ್ಡ್ ಕೋರಿಯಾಗಿದ್ದರೆ ಎಂಬ ಹಂಬಲವೇ ಆ ಪಲ್ಲವಿ. ಪ್ರತಿಯೊಂದು ನುಡಿಯ ಬಳಿಕ ಪಲ್ಲವಿ ಮರಳಬೇಕೆಂಬುದು ಹಾಡಿನ ನಿಯಮ. ಆದ್ದರಿಂದ ಕೋರಿಯ ಸಾವಿನ ವಾರ್ತೆಯಾದ ಮೇಲೆಯೂ ಅದೇ ಪಲ್ಲವಿ, ಅದೇ ಮಾತುಗಳಲ್ಲಿ, ಮರಳಿ ಬರುತ್ತದೆ. ರಾಬಿನ್‌ಸನ್ನನ ಕವಿತೆಯಲ್ಲಿ ಸಾವು ಹಂಬಲವನ್ನು ಕತ್ತರಿಸಿಹಾಕುತ್ತದೆ. ಸೈಮನ್ನರ ಹಾಡಿನಲ್ಲಿ ಹಂಬಲವು ಸಾವನ್ನೂ ದಾಟಿ ಉಳಿಯುತ್ತದೆ. ಬಡತನವು ಅಷ್ಟು ಕಠೋರವಾದದ್ದು, ಅಂಥ ಅಂತ್ಯವಾದರೂ ಬೇಕೆನಿಸುವಷ್ಟು, ಎಂದು ಅರ್ಥಮಾಡಬಹುದು. ಅಥವಾ ಆಸೆಗೆ ಕಿವಿಯಿಲ್ಲ, ಆ ಕೂಲಿಯು ತಾನೇ ಹೇಳಿದ ಕಥೆಯನ್ನು ತಾನೇ ಕೇಳಿಸಿಕೊಂಡಿಲ್ಲ, ಎಂದೂ ಅರ್ಥಮಾಡಬಹುದು. ಎರಡೂ ಅರ್ಥಗಳಿಗೆ ಆಸ್ಪದವನ್ನು ಕೊಟ್ಟದ್ದು ಪಲ್ಲವಿಯ ಮರಳಿಕೆ. ಕವಿತೆಯ ಸಾರಾಂಶವನ್ನೂ ಹಾಡಿನ ಸಾರಾಂಶವನ್ನೂ ಬರೆದರೆ ಎರಡೂ ಹೆಚ್ಚುಕಡಮೆ ಒಂದೇ ಆಗುತ್ತವೆ. ಎರಡರ ಅರ್ಥವಾದರೋ ಬೇರೆ. ಸಾರಾಂಶವು ಕಾವ್ಯವಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ದುರ್ಲಭ.

ಬೀದರ ನಗರಕ್ಕೆ ಹೊಂದಿಕೊಂಡಿರುವ ಕೊಳಾರದ ಕೈಗಾರಿಕಾ ಪ್ರದೇಶವನ್ನು ಬಲ್ಲ ವಿದ್ಯಾರ್ಥಿಗೆ ಕಾರ್ಖಾನೆ, ಪಾಳಿ, ಕೂಲಿ ಎಂಬುವು ಪುಸ್ತಕದ ಮಾತುಗಳಲ್ಲ. ಕವಿತೆಯ ‘ನಾವು’ ಎಂಬುದರಲ್ಲಿ ಊರಿನ ಗುಂಪು ಮಾತನಾಡುತ್ತದೆ. ಹಾಡಿನ ‘ನಾನು’ ಎಂಬುದರಲ್ಲಿ ಒಬ್ಬ ದುಡಿಮೆಗಾರ. ಈ ಬದಲಾವಣೆಯಿಂದ ಏನು ಲಾಭ, ಏನು ನಷ್ಟ ಎಂದು ಕೇಳಿದರೆ ಅವನಿಂದ ಉತ್ತರ ಬರುತ್ತದೆ. ವಿಷಯವು ಆತ್ಮಹತ್ಯೆಯಾದುದರಿಂದ ಅಧ್ಯಾಪಕನು ಮೃದುವಾಗಿಯೂ ಎಚ್ಚರಿಕೆಯಿಂದಲೂ ನಡೆದುಕೊಳ್ಳಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ವಿದ್ಯಾರ್ಥಿಯ ಸ್ವಂತ ಬಂಡವಾಳವು ಉಪಯೋಗಕ್ಕೆ ಬರುತ್ತದೆ. ಉರ್ದು ಗಜಲಿನಲ್ಲಿ ಪ್ರತಿಯೊಂದು ಷೇರಿನ ಕೊನೆಗೂ ರದೀಫ್ ಮರಳುತ್ತದೆ, ಅದರ ಮುಂಚೆ ಕಾಫಿಯಾ ಬರುತ್ತದೆ. ರದೀಫಿನ ಮಾತು ಬದಲಾಗುವುದಿಲ್ಲ. ಪ್ರತಿಸಲವೂ ಅದರ ಅರ್ಥ ಬದಲಾಗುತ್ತದೆ. ಆ ಬದಲಾವಣೆಯನ್ನು ಕಂಡು ಶ್ರೋತೃಗಳು ‘ವಾಹ್’ ಎನ್ನುತ್ತಾರೆ. ಬೀದರದ ಉರ್ದು ಮಾಧ್ಯಮದ ವಿದ್ಯಾರ್ಥಿಗೆ ಇದು ಮನೆಯ ವಿದ್ಯೆ. ಶಾಂತರಸರು ಕನ್ನಡದಲ್ಲಿ ಗಜಲುಗಳನ್ನು ಬರೆದು ದಾರಿಮಾಡಿಕೊಟ್ಟ ಮೇಲೆ ಈ ಭಾಗದ ಕನ್ನಡ ಓದುಗರಿಗೂ ಇದು ಪರಿಚಿತವಾಗಿದೆ. ತತ್ವಪದದ ಪಲ್ಲವಿಯೂ ಅಭಂಗದ ಧ್ರುಪದವೂ ಹೀಗೆಯೇ ಮರಳುತ್ತವೆ. ‘ರಿಚರ್ಡ್ ಕೋರಿ’ ಹಾಡಿನ ಕೊನೆಯ ಪಲ್ಲವಿಯಲ್ಲಿ ಏನಾಯಿತೆಂದು ಕೇಳಿದರೆ, ಇಂಗ್ಲಿಷಿನಲ್ಲಿ ಹಿಂದುಳಿದವನೆಂದು ನಾವು ಎಣಿಸಿದ ವಿದ್ಯಾರ್ಥಿಯೇ ಎಲ್ಲರಿಗಿಂತ ಮೊದಲು ಅದನ್ನು ಹೇಳಬಲ್ಲನು. ಅವನಿಗೆ ಇಂಗ್ಲಿಷಿನ ಮಾತು ಸಾಲದಿದ್ದರೆ ತನ್ನ ಭಾಷೆಯಲ್ಲಿಯೇ ಹೇಳಲಿ. ವಿಮರ್ಶೆಯು ಅಲ್ಲಿಯೇ ಆರಂಭವಾಗಿದೆ.

೫

ಇಷ್ಟನ್ನು ಒಪ್ಪಿದ ಮೇಲೆ, ಹಾಡಿನ ಮಿತಿಯನ್ನೂ ಹೇಳಬೇಕು. ಹಾಡನ್ನು ತರಗತಿಯಲ್ಲಿ ಕೇಳಿಸದೆ, ಅದರ ಸಾಹಿತ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು, ಶಬ್ದಾರ್ಥ ಹೇಳಿ, ‘ಇದರ ಆಶಯವೇನು?’ ಎಂದು ಹತ್ತು ಅಂಕಗಳ ಪ್ರಶ್ನೆಯನ್ನು ಹಾಕಿದರೆ ಅದೂ ಇನ್ನೊಂದು ಗೈಡು ಪಾಠವಾಗುತ್ತದೆ. ಹಾಡಿನ ಬಹುಪಾಲು ಶಕ್ತಿ ಮಟ್ಟಿನಲ್ಲಿದೆ. ಮಟ್ಟನ್ನು ಕಳೆದಾಗ ಉಳಿಯುವ ಮಾತು ಅನೇಕ ವೇಳೆ ತೆಳುವಾಗಿರುತ್ತದೆ. ಅದನ್ನು ಕವಿತೆಯ ಪಕ್ಕದಲ್ಲಿಟ್ಟು ಹೀಗಳೆಯುವುದೂ ಅನ್ಯಾಯ, ಇಲ್ಲದ ಗುಣವನ್ನು ಅದಕ್ಕೆ ಆರೋಪಿಸುವುದೂ ಅನ್ಯಾಯ. ಕೇಳುವವರೆಗೆ ಮಾತ್ರ ಹಾಡು ಹಾಡು.

ಇದಕ್ಕೆ ನಮ್ಮ ದೇಶದ್ದೇ ಒಂದು ಸಾಕ್ಷಿಯಿದೆ. ರವೀಂದ್ರನಾಥ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ ೧೯೧೨ರಲ್ಲಿ ಪ್ರಕಟವಾಯಿತು. ೧೯೧೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದರಲ್ಲಿನ ೧೦೩ ರಚನೆಗಳಲ್ಲಿ ಅನೇಕವು ಬಂಗಾಳಿಯಲ್ಲಿ ಹಾಡುಗಳು. ಇಂಗ್ಲಿಷಿನಲ್ಲಿ ಅವು ಗದ್ಯವಾಗಿವೆ. ನಮ್ಮ ತರಗತಿಗಳಲ್ಲಿ ಅವನ್ನು ಗದ್ಯಕವಿತೆಗಳೆಂದೇ ಓದಿಸುತ್ತೇವೆ. ಅವು ಹಾಡುಗಳೆಂಬ ಅರಿವೇ ವಿದ್ಯಾರ್ಥಿಗೆ ಬರುವುದಿಲ್ಲ. ಡಿಲನ್ ಅವರಿಗಿಂತ ನೂರಮೂರು ವರ್ಷ ಮೊದಲೇ ಒಬ್ಬ ಹಾಡುಕಾರರಿಗೆ ಆ ಗೌರವವು ಸಂದಿತ್ತ್ತೆಂಬುದನ್ನು ನಾವು ಮರೆತಿರುವುದು, ಹಾಡು ಓದುಗಬ್ಬವಾದಾಗ ಏನು ಕಳೆದುಹೋಗುತ್ತದೆಂಬುದನ್ನೇ ತೋರಿಸುತ್ತದೆ. ಒಂದು ಬಂಗಾಳಿ ಗೀತೆಯನ್ನು ಕೇಳಿಸಿ, ಅದರ ಇಂಗ್ಲಿಷ್ ಗದ್ಯವನ್ನು ಓದಿಸಿದರೆ ಆ ನಷ್ಟವು ಕಿವಿಗೇ ತಿಳಿಯುತ್ತದೆ.

ಇನ್ನು, ಎಲ್ಲ ಕಾವ್ಯವೂ ಹಾಡಿನ ಬಳಗದ್ದಲ್ಲ. ಡನ್ ಕವಿಯ ಪದ್ಯಗಳಲ್ಲಿ ವಾದಿಸುವ ಮನುಷ್ಯನ ಧ್ವನಿಯಿದೆ; ಬ್ರೌನಿಂಗನ ನಾಟಕೀಯ ಸ್ವಗತಗಳಲ್ಲಿ ಆಡುಮಾತಿನ ಏರಿಳಿತವಿದೆ. ಅವು ಹಾಡಿನ ಮಟ್ಟನ್ನು ಬೇಕೆಂದೇ ಮುರಿಯುತ್ತವೆ. ಕನ್ನಡದಲ್ಲಿಯೂ ಇದೇ ನಡೆಯಿತು. ಗೋಪಾಲಕೃಷ್ಣ ಅಡಿಗರ ‘ಚಂಡೆ ಮದ್ದಳೆ’ (೧೯೫೪), ‘ಭೂಮಿಗೀತ’ (೧೯೫೯) ಸಂಕಲನಗಳಿಂದ ನವ್ಯಕಾವ್ಯವು ಹಾಡಲು ಬರುವ ಭಾವಗೀತೆಯನ್ನು ಬಿಟ್ಟು ಮಾತಿನ ಲಯದ ಕಡೆಗೆ ತಿರುಗಿತು. ಆ ತಿರುವಿನ ಬೆಲೆಯು ಹಾಡನ್ನು ಬಲ್ಲವನಿಗೆ ಮಾತ್ರ ತಿಳಿಯುತ್ತದೆ; ಹಾಡಿನಲ್ಲಿಯೇ ನಿಂತುಬಿಟ್ಟವನಿಗೆ ತಿಳಿಯುವುದಿಲ್ಲ. ಆದುದರಿಂದ ಹಾಡಿನ ಪಾಠವು ಮೊದಲ ವರ್ಷದಲ್ಲಿರಲಿ. ಮೂರನೆಯ ವರ್ಷದ ವಿದ್ಯಾರ್ಥಿಯು ಅದನ್ನು ದಾಟಿ ಡನ್, ಬ್ರೌನಿಂಗ್, ಎಲಿಯಟ್ ಇವರ ಬಳಿಗೆ ಹೋಗಿರಬೇಕು.

೬

ಹಾಗಾದರೆ ತಿಳಿದುದರಿಂದ ತಿಳಿಯದುದಕ್ಕೆ ಹೋಗುವ ದಾರಿಯಲ್ಲಿ ಮೊದಲ ಮೆಟ್ಟಿಲು ಯಾವುದು? ಅದು ಈ ಸೀಮೆಯಲ್ಲಿಯೇ ಇದೆ. ಬೀದರ ನಗರದ ಒಂದು ಮಗ್ಗುಲಲ್ಲಿ ಗುರುನಾನಕ ಝೀರಾದ ಗುರುದ್ವಾರವಿದೆ. ಅಲ್ಲಿ ಪಠಿಸುವ ಗುರು ಗ್ರಂಥ ಸಾಹಿಬಿನ ೧೪೩೦ ಪುಟಗಳು ಬಹುಮಟ್ಟಿಗೆ ೩೧ ರಾಗಗಳ ಕ್ರಮದಲ್ಲಿ ಜೋಡಣೆಗೊಂಡಿವೆ. ಒಂದು ಗ್ರಂಥದ ವಿಂಗಡಣೆಯೇ ಸಂಗೀತದಿಂದ ಆಗಿದೆ. ಇನ್ನೊಂದು ಮಗ್ಗುಲಲ್ಲಿ ಅಷ್ಟೂರಿನ ಬಹಮನಿ ಗೋರಿಗಳಿವೆ. ಅಹಮದ್ ಶಾಹನ ಉರುಸಿಗೆ ಮುಸಲ್ಮಾನರೂ ಲಿಂಗಾಯತರೂ ಸೇರುತ್ತಾರೆ. ಮೊಹರಮಿನಲ್ಲಿ ಕನ್ನಡದ ರಿವಾಯತ್ ಪದಗಳು ಈ ಸೀಮೆಯ ಹಳ್ಳಿಗಳಲ್ಲಿ ಕೇಳುತ್ತವೆ. ಬಸವಕಲ್ಯಾಣದ ವಚನಗಳು ಗದ್ಯವೋ ಪದ್ಯವೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಬಸವಣ್ಣನವರು ತಾಳದ, ಗಣದ ಲೆಕ್ಕ ತಮಗೆ ತಿಳಿಯದೆಂದೂ ತಮ್ಮ ಒಲವಿನ ರೀತಿಯಲ್ಲಿಯೇ ಹಾಡುವುದಾಗಿಯೂ ಹೇಳಿಕೊಂಡರು. ಮುಂದೆ ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಅವೇ ವಚನಗಳನ್ನು ರಾಗತಾಳಗಳಲ್ಲಿ ಹಾಡಿದರು. ಒಂದು ವಚನವನ್ನು ಓದಿ, ಅದನ್ನೇ ಹಾಡಾಗಿ ಕೇಳಿ, ಏನು ಕೂಡಿತು, ಏನು ಕಳೆಯಿತು ಎಂದು ವಿಚಾರಿಸುವುದು ನಮ್ಮ ವಿದ್ಯಾರ್ಥಿಗೆ ಇಂಗ್ಲಿಷ್ ಕಾವ್ಯದ ಮೊದಲ ಪಾಠವಾಗಬಲ್ಲುದು.

ಎರಡನೆಯ ಮೆಟ್ಟಿಲು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (೧೯೨೬). ಆ ಪುಸ್ತಕವು ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆಯಿತೆಂಬುದು ಸರ್ವವಿದಿತ. ಅದು ಇಂಗ್ಲಿಷ್ ಬೋಧನೆಗೂ ಉತ್ತಮ ಸಾಧನವೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಆಘಾತದ ಲಯವನ್ನು ಮಾತ್ರೆಯ ಗಣಗಳಿಗೆ ತರುವಾಗ ಶ್ರೀಯವರು ಎಲ್ಲಿ ಏನು ಮಾಡಿದರೆಂಬುದನ್ನು ಮೂಲದೊಡನೆ ಇಟ್ಟು ನೋಡಿದರೆ, ಎರಡು ಭಾಷೆಗಳ ಛಂದಸ್ಸಿನ ಸ್ವಭಾವವೂ ಒಟ್ಟಿಗೆ ತಿಳಿಯುತ್ತದೆ. ಕಾರ್ಡಿನಲ್ ನ್ಯೂಮನ್ ೧೮೩೩ರಲ್ಲಿ ಬರೆದ ಬೆಳಕಿನ ಪ್ರಾರ್ಥನೆಯು ಶ್ರೀಯವರ ಕನ್ನಡದಲ್ಲಿ ಶಾಲೆಶಾಲೆಗಳಲ್ಲಿ ಹಾಡಾಯಿತು. ಅದನ್ನು ಹಾಡಿ ಬೆಳೆದವನು ತಾನು ಇಂಗ್ಲಿಷ್ ಭಾವಗೀತೆಯೊಂದನ್ನು ಆಗಲೇ ಬಲ್ಲೆನೆಂದು ತಿಳಿದರೆ, ಅವನ ಅಂಜಿಕೆಯ ಬಹುಭಾಗ ಹೋಗುತ್ತದೆ. ಮರಾಠಿ, ಉರ್ದು ಮಾಧ್ಯಮದವರಿಗೆ ಗಜಲು ಆ ಸೇತುವೆಯಾಗಬಹುದು. ಕಾಶ್ಮೀರದ ಆಗಾ ಶಾಹಿದ್ ಅಲಿಯವರು ರದೀಫ್-ಕಾಫಿಯಾಗಳನ್ನು ಬಿಡದೆ ಇಂಗ್ಲಿಷಿನಲ್ಲಿ ಗಜಲುಗಳನ್ನು ಬರೆದರು. ೨೦೦೩ರಲ್ಲಿ, ಅವರು ತೀರಿಕೊಂಡ ಮೇಲೆ, ಆ ಗಜಲುಗಳ ಸಂಗ್ರಹವು ‘ಕಾಲ್ ಮಿ ಇಷ್ಮಾಯೆಲ್ ಟುನೈಟ್’ ಎಂಬ ಹೆಸರಿನಿಂದ ಹೊರಬಂದಿತು. ಅದನ್ನು ಓದುವಾಗ ಬೀದರದ ವಿದ್ಯಾರ್ಥಿಯು ಲಂಡನ್ನಿನ ವಿದ್ಯಾರ್ಥಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆ.

ಈ ಎರಡು ಮೆಟ್ಟಿಲುಗಳಾದ ಬಳಿಕ ಆಧುನಿಕ ಇಂಗ್ಲಿಷ್ ಹಾಡು ಬರಬೇಕು. ಅದರ ಮೇಲೆ ಲಾವಣಿ, ಭಾವಗೀತೆ, ಕೊನೆಗೆ ಮಾತಿನ ಲಯದ ಕಾವ್ಯ. ಹಾಡಿನ ಸ್ಥಾನವು ಮೊದಲಿನದೂ ಅಲ್ಲ, ಕೊನೆಯದೂ ಅಲ್ಲ, ನಡುವಿನದು. ಪರೀಕ್ಷೆಯಲ್ಲಿಯೂ ಇದಕ್ಕೆ ತಕ್ಕ ಮಾರ್ಪಾಡಾಗಬೇಕು. ಸಾರಾಂಶವನ್ನು ಕೇಳುವ ಪ್ರಶ್ನೆಯ ಪಕ್ಕದಲ್ಲಿ, ಒಂದು ಪದ್ಯವನ್ನು ಗಟ್ಟಿಯಾಗಿ ಓದಿಸಿ ಕೇಳುವ ಮೌಖಿಕ ಪರೀಕ್ಷೆಯೂ, ಒಂದು ಕವಿತೆಯನ್ನು ಅದೇ ವಸ್ತುವಿನ ಹಾಡಿನೊಡನೆ ಹೋಲಿಸುವ ಪ್ರಶ್ನೆಯೂ ಇದ್ದರೆ, ಗೈಡುಗಳ ಹಿಡಿತವು ಸಡಿಲವಾಗುತ್ತದೆ. ಇದಕ್ಕೆ ಹೊಸ ಕಟ್ಟಡಗಳಾಗಲಿ ದುಬಾರಿ ಯಂತ್ರಗಳಾಗಲಿ ಬೇಕಾಗಿಲ್ಲ. ಅಧ್ಯಾಪಕನು ಪದ್ಯವನ್ನು ಲಯಬದ್ಧವಾಗಿ ಓದಬಲ್ಲವನಾಗಿರಬೇಕು, ಮತ್ತು ವಿದ್ಯಾರ್ಥಿಯ ಭಾಷೆಯಲ್ಲಿನ ಉತ್ತರವನ್ನು ಆಲಿಸುವ ತಾಳ್ಮೆಯುಳ್ಳವನಾಗಿರಬೇಕು.

ಈ ಸೀಮೆಯ ವಿದ್ಯಾರ್ಥಿಗೆ ಇಂಗ್ಲಿಷ್ ಕಾವ್ಯಕ್ಕೆ ಬೇಕಾದ ಹಿನ್ನೆಲೆಯಿಲ್ಲವೆಂಬ ಮಾತನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇಂಗ್ಲಿಷಿನ ಹಿನ್ನೆಲೆ ಅವನಿಗೆ ಕಡಮೆಯಿರಬಹುದು. ಕಾವ್ಯದ ಹಿನ್ನೆಲೆಯಾದರೋ ನಾಲ್ಕು ಭಾಷೆಗಳಿಂದ ಅವನ ಕಿವಿಗೆ ಬಂದಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಗಿನಿಂದ ಒಂದು ಹಾಡನ್ನು ತಂದು ಕೊಟ್ಟರೆ ಅದು ಇನ್ನೊಂದು ಪಠ್ಯವಾಗಿ ಉಳಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಾಡೂ ಉಪಯೋಗಕ್ಕೆ ಬರುತ್ತದೆ, ಕವಿತೆಯೂ ಅವನದಾಗುತ್ತದೆ. ಪಠ್ಯಕ್ರಮವನ್ನು ರಚಿಸುವವರು ಈ ಅಂಶವನ್ನು ಪರಿಶೀಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.